ಡೇರಿಗೆ ಬೇಕಾದದ್ದು ಕಟ್ ಆಗದ ಲೈನ್



ಸಂಘಕ್ಕೆ ಇಂಟರ್‌ನೆಟ್ ಹಾಕಿಸುವ ವಿಷಯ ಆಡಳಿತ ಮಂಡಳಿ ಸಭೆಗೆ ಬಂದರೆ ಮಾತು ಬೇಗನೆ ‘ಎಷ್ಟು ಎಂಬಿಪಿಎಸ್’ ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. ಮಾರಲು ಬಂದವರು 100 ಎನ್ನುತ್ತಾರೆ, 300 ಎನ್ನುತ್ತಾರೆ. ಮಹಿಳಾ ಸಂಘಗಳ ನಿರ್ದೇಶಕಿಯರು ಈ ಅಂಕಿಗೆ ಮರುಳಾಗಬಾರದು ಎಂಬುದು ನನ್ನ ಅಭಿಪ್ರಾಯ. ಏಕೆಂದು ತಿಳಿಯಲು ಹಳೆಯ ಡಯಲ್-ಅಪ್‌ನಿಂದ ಶುರು ಮಾಡಬೇಕು.

ನಮ್ಮ ದೇಶದಲ್ಲಿ 1995ರ ಆಗಸ್ಟ್ 15ರಂದು ಜನಸಾಮಾನ್ಯರಿಗೆ ಇಂಟರ್‌ನೆಟ್ ಸಿಕ್ಕಾಗ ಅದು ಬಂದದ್ದು ಟೆಲಿಫೋನ್ ತಂತಿಯಲ್ಲೇ. ಮೋಡೆಮ್ ಎಂಬ ಡಬ್ಬಿ ನಂಬರ್ ಡಯಲ್ ಮಾಡಿ, ಕಂಪ್ಯೂಟರಿನ ಮಾಹಿತಿಯನ್ನು ಸದ್ದಾಗಿ ಬದಲಿಸಿ ಕಳಿಸುತ್ತಿತ್ತು. ಸಂಪರ್ಕ ಸಿಗಲು ಅರ್ಧ ನಿಮಿಷ ಬೇಕು. ಇಂಟರ್‌ನೆಟ್ ನಡೆಯುವಷ್ಟು ಹೊತ್ತೂ ಫೋನ್ ಎಂಗೇಜ್, ಬಿಲ್ಲೂ ಏರುತ್ತಿತ್ತು. ಆದ್ದರಿಂದ ಕೆಲಸ ಮುಗಿದ ಕೂಡಲೇ ಲೈನ್ ಕಟ್ ಮಾಡುತ್ತಿದ್ದರು. ವೇಗ ಎಷ್ಟೇ ಚೆನ್ನಾಗಿದ್ದರೂ 56 ಕೆಬಿಪಿಎಸ್ ದಾಟುತ್ತಿರಲಿಲ್ಲ.

ಆಮೇಲೆ ಬಂದ ಬ್ರಾಡ್‌ಬ್ಯಾಂಡ್ ಮೊದಲು ಅದೇ ತಾಮ್ರದ ತಂತಿಯನ್ನು ಬಳಸಿತು. ಮಾತು ತಂತಿಯ ಸ್ವಲ್ಪ ಭಾಗವನ್ನಷ್ಟೇ ಬಳಸುತ್ತದೆ. ಉಳಿದ ಭಾಗದಲ್ಲಿ ಇಂಟರ್‌ನೆಟ್ ಹರಿಸಿದ್ದರಿಂದ ಫೋನೂ ನಡೆಯಿತು, ಇಂಟರ್‌ನೆಟ್ಟೂ ನಡೆಯಿತು. ಡಯಲ್ ಮಾಡುವ ಕೆಲಸವೇ ಹೋಯಿತು. ಈಗಿನ ಫೈಬರ್‌ನಲ್ಲಿ ಕೂದಲೆಳೆಯಂಥ ಗಾಜಿನ ಎಳೆಯೊಳಗೆ ಬೆಳಕು ಓಡುತ್ತದೆ. ತಾಮ್ರದಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್ ದೂರವಾದಷ್ಟೂ ವೇಗ ಇಳಿಯುತ್ತಿತ್ತು. ಊರಿನಿಂದ ಊರಿಗೆ ಇರುವ ದೂರ ಫೈಬರ್‌ಗೆ ಒಂದು ಲೆಕ್ಕವೇ ಅಲ್ಲ. 2004ರಲ್ಲಿ ಸರ್ಕಾರ 256 ಕೆಬಿಪಿಎಸ್ ಇದ್ದರೆ ಬ್ರಾಡ್‌ಬ್ಯಾಂಡ್ ಎಂದಿತ್ತು. 2023ರಿಂದ ಕನಿಷ್ಠ 2 ಎಂಬಿಪಿಎಸ್ ಇರಬೇಕು.

ಈಗ ನಮ್ಮ ಡೇರಿಯ ಲೆಕ್ಕ ಹಾಕಿ. 150 ಸದಸ್ಯೆಯರು ಹಾಲು ಹಾಕುತ್ತಾರೆ ಎನ್ನೋಣ. ಒಬ್ಬೊಬ್ಬರ ಕೋಡ್, ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ಹಣ ಎಲ್ಲ ಸೇರಿ 100 ಅಕ್ಷರ ಹಿಡಿದರೂ ಆ ಹೊತ್ತಿನ ಇಡೀ ಲೆಕ್ಕ 15,000 ಅಕ್ಷರ. ಹಳೆಯ ಡಯಲ್-ಅಪ್ ಕೂಡ ಇದನ್ನು ಐದು ಸೆಕೆಂಡಿನೊಳಗೆ ಕಳಿಸುತ್ತಿತ್ತು! ಅಂದ ಮೇಲೆ ಹಾಲಿನ ಲೆಕ್ಕಕ್ಕೆ 300 ಏಕೆ?

ವೇಗ ಬೇಕಾಗುವುದು ಬೇರೆ ಕಡೆ. ಕೆಚ್ಚಲು ಬಾವು ಬಂದ ಹಸುವಿನ ಫೋಟೊ ಡಾಕ್ಟರಿಗೆ ಕಳಿಸಬೇಕು ಎನ್ನಿ. ಫೋಟೊ 2 ಎಂಬಿ ಇದ್ದರೆ ಡಯಲ್-ಅಪ್‌ನಲ್ಲಿ ಹತ್ತಿರ ಹತ್ತಿರ ಐದು ನಿಮಿಷ, 2 ಎಂಬಿಪಿಎಸ್‌ನಲ್ಲಿ 8 ಸೆಕೆಂಡ್, 30 ಎಂಬಿಪಿಎಸ್‌ನಲ್ಲಿ ಅರ್ಧ ಸೆಕೆಂಡ್. (ಎಂಬಿ ಬೇರೆ, ಎಂಬಿಪಿಎಸ್ ಬೇರೆ. 8 ಎಂಬಿಪಿಎಸ್ ಲೈನ್‌ನಲ್ಲಿ ಸೆಕೆಂಡಿಗೆ ಹೋಗುವುದು 1 ಎಂಬಿ ಮಾತ್ರ. ಇದನ್ನು ಮಾರುವವರು ಬಿಡಿಸಿ ಹೇಳುವುದು ಅಪರೂಪ.) 30ರಿಂದ 300ಕ್ಕೆ ಏರಿದರೆ ಉಳಿಯುವುದು ಅರ್ಧ ಸೆಕೆಂಡಿಗಿಂತ ಕಡಿಮೆ, ಅದಕ್ಕೆ ಪ್ರತಿ ತಿಂಗಳೂ ಹೆಚ್ಚಿನ ದುಡ್ಡು ಕೊಡುವ ಅಗತ್ಯ ನನಗಂತೂ ಕಾಣುವುದಿಲ್ಲ.

ಡೇರಿಗೆ ಮುಖ್ಯವಾದದ್ದು ಬ್ರಾಡ್‌ಬ್ಯಾಂಡಿನ ಇನ್ನೊಂದು ಗುಣ: ಅದು ಸದಾ ಚಾಲೂ ಇರುತ್ತದೆ. ಎಷ್ಟೋ ಕಡೆ ಈಗಲೂ ಯಾರದೋ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕೆಲಸ ಸಾಗುತ್ತದೆ. ಸಂಜೆ ನಾವು ಹಾಲು ಹಾಕುವ ಹೊತ್ತಿಗೇ ಊರವರೆಲ್ಲ ಮೊಬೈಲ್ ಹಿಡಿದಿರುತ್ತಾರೆ. ಟವರ್ ಒಂದೇ, ಹಂಚಿಕೊಳ್ಳುವವರು ನೂರಾರು. ಲೈನ್ ಹೋದಾಗ ಚೀಟಿಯಲ್ಲಿ ಬರೆದಿಟ್ಟು ರಾತ್ರಿ ಸೇರಿಸಿದರೆ 4.1 ಫ್ಯಾಟ್ 3.7 ಆದೀತು. ಬಟವಾಡೆಯಲ್ಲಿ ಕಡಿಮೆ ಬಂದಾಗ ಯಾರನ್ನು ಕೇಳುತ್ತೀರಿ? ಸರ್ಕಾರದ ಪ್ರೋತ್ಸಾಹಧನ ಖಾತೆಗೆ ಬರುವುದೂ ಈ ಲೀಟರ್ ಲೆಕ್ಕದ ಮೇಲೆಯೇ.

ಹಾಗಾಗಿ ಪ್ಲಾನ್ ಒಪ್ಪುವ ಮುನ್ನ ಕೇಳಬೇಕಾದ್ದು ಬೇರೆ. ಲೈನ್ ಕೆಟ್ಟರೆ ಎಷ್ಟು ಗಂಟೆಯಲ್ಲಿ ರಿಪೇರಿ ಮಾಡುತ್ತೀರಿ, ಯಾರಿಗೆ ಫೋನ್ ಮಾಡಬೇಕು? ‘30ರವರೆಗೆ’ ಎಂದರೆ ಸಂಜೆ ಏಳಕ್ಕೆ ಎಷ್ಟು? ಫೋಟೊ ಕಳಿಸುವಾಗ ಎಷ್ಟು, ತರಿಸಿಕೊಳ್ಳುವಾಗ ಎಷ್ಟು? ಫ್ಯಾಟ್ ಅಳೆದಾಗ ಅಂಕಿ ನೋಡಿಯೇ ಚೀಟಿ ತೆಗೆದುಕೊಳ್ಳುತ್ತೇವಲ್ಲ, ಹಾಗೆಯೇ ಹಾಲು ಹಾಕುವ ಹೊತ್ತಿನಲ್ಲಿ ವೇಗ ಅಳೆದು ತೋರಿಸಿ ಎನ್ನಿ. ಕರೆಂಟ್ ಹೋದರೆ ಫೈಬರ್ ಡಬ್ಬಿಯೂ ಆರಿಹೋಗುತ್ತದೆ. ಅದನ್ನೂ ಹಾಲು ಅಳೆಯುವ ಯಂತ್ರದ ಯುಪಿಎಸ್‌ಗೇ ಜೋಡಿಸಲು ಹೇಳಿ.

ಸಂಪರ್ಕ ಇರಬೇಕಾದ್ದು ಸಂಘದ ಹೆಸರಿನಲ್ಲಿ. ಬಿಲ್ಲು ಸಂಘಕ್ಕೆ ಬರಲಿ, ಪಾಸ್‌ವರ್ಡ್ ಅಧ್ಯಕ್ಷೆಗೂ ಕಾರ್ಯದರ್ಶಿಗೂ ಗೊತ್ತಿರಲಿ. ಈಗ ಹಾಟ್‌ಸ್ಪಾಟ್ ಕೊಡುವ ಹುಡುಗ ನಾಳೆ ಕೆಲಸಕ್ಕೆಂದು ಬೆಂಗಳೂರಿಗೆ ಹೊರಟರೂ ಸಂಜೆಯ ಹಾಲಿನ ಲೆಕ್ಕ ಅಂದೇ ಒಕ್ಕೂಟಕ್ಕೆ ಹೋಗಬೇಕು.