ಯಂತ್ರಶಾಲೆಯಿಂದ ಸರಕಿನ ಹಾದಿಗೆ

ಕಾರ್ಖಾನೆಯಲ್ಲಿ ಹತ್ತು ಹನ್ನೆರಡು ವರ್ಷ ಉತ್ಪಾದನೆಯ ಆಡಳಿತವನ್ನು ನೋಡಿಕೊಂಡ ಇಂಜಿನಿಯರನೊಬ್ಬನು ಆ ಹುದ್ದೆಯನ್ನು ಬಿಟ್ಟು ಲಾಜಿಸ್ಟಿಕ್ಸ್ ವಿಭಾಗಕ್ಕೆ ಹೋಗುವೆನೆಂದು ಮನೆಯಲ್ಲಿ ತಿಳಿಸಿದರೆ, ಹಿರಿಯರ ಬಾಯಿಂದ ಹೊರಡುವ ಮಾತು ಬಹುಮಟ್ಟಿಗೆ ಒಂದೇ: "ಗೋದಾಮು ಕಾಯುವುದಕ್ಕೆ ಇಷ್ಟೆಲ್ಲ ಓದಬೇಕಾಗಿತ್ತೇನಪ್ಪಾ?" ಈ ಪ್ರಶ್ನೆಯಲ್ಲಿ ವಾತ್ಸಲ್ಯವೂ ಉಂಟು, ತಿರಸ್ಕಾರವೂ ಉಂಟು. ವಸ್ತುವನ್ನು ತಯಾರಿಸುವವನು ನಿರ್ಮಾತೃ, ಅದನ್ನು ಸಾಗಿಸುವವನು ಕೇವಲ ಹಮಾಲ ಎಂಬ ಭಾವನೆ ಜನಮನದಲ್ಲಿ ಆಳವಾಗಿ ಬೇರೂರಿದೆ. ಇದು ಸಾಧುವಾದ ಭಾವನೆಯಲ್ಲ. ಇದನ್ನು ನಂಬಿ ಎಷ್ಟೋ ಸಮರ್ಥ ಯುವಕರು ತಮಗೆ ಒಪ್ಪುವ ವೃತ್ತಿಯ ಬಾಗಿಲಿಗೆ ಬಂದು ಹಿಂದಿರುಗುತ್ತಿದ್ದಾರೆ.

ಭಾಷೆಯ ದೋಷವೂ ಇದರಲ್ಲಿ ಸ್ವಲ್ಪ ಇದೆ. ಲಾಜಿಸ್ಟಿಕ್ಸ್ ಎಂಬುದಕ್ಕೆ ಕನ್ನಡದಲ್ಲಿ ಸರಿಹೊಂದುವ ಮಾತೊಂದು ಇನ್ನೂ ನೆಲೆಗೊಂಡಿಲ್ಲ. 'ಸರಕು ಸಾಗಣೆ' ಎಂದೊಡನೆ ಲಾರಿಯೊಂದೇ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಯಾವ ವಸ್ತು, ಎಷ್ಟು, ಎಲ್ಲಿ, ಯಾವಾಗ, ಎಷ್ಟು ವೆಚ್ಚದಲ್ಲಿ ದೊರೆಯಬೇಕು ಎಂಬ ಸಮಗ್ರ ಯೋಜನೆ ಆ ಮಾತಿನೊಳಗೆ ಅಡಗುವುದಿಲ್ಲ. ಪದ ಹೊಸದಾದರೂ ವಿಷಯ ಹೊಸದಲ್ಲ. ಕೌಟಿಲ್ಯನು ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಕೋಷ್ಠಾಗಾರಾಧ್ಯಕ್ಷನ ಕರ್ತವ್ಯಗಳನ್ನು ಒಂದು ಅಧ್ಯಾಯದ ತುಂಬ ವಿವರಿಸಿದ್ದಾನೆ. ಸಂಗ್ರಹದ ಅರ್ಧವನ್ನು ಜನಪದದ ಆಪತ್ಕಾಲಕ್ಕೆಂದು ತೆಗೆದಿರಿಸಿ ಉಳಿದರ್ಧವನ್ನು ಬಳಸಬೇಕು, ಹಳೆಯದರ ಸ್ಥಾನದಲ್ಲಿ ಹೊಸದನ್ನು ತುಂಬುತ್ತಿರಬೇಕು ಎಂಬುದು ಅವನ ವಿಧಿ. ಹಗೇವಿನ ಜೋಳವನ್ನು ಕಂಡು ಬಲ್ಲ ಉತ್ತರ ಕರ್ನಾಟಕದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ವಿದ್ಯೆಯ ಬೆಲೆಯನ್ನು ಅರಿಯಲು ದೂರದ ದೇಶಗಳ ಚರಿತ್ರೆಯೂ ಬೇಡ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನ ಸೈನ್ಯವು ಅರಕೆರೆಯ ಬಳಿ ಯುದ್ಧದಲ್ಲಿ ಮೇಲುಗೈ ಪಡೆಯಿತು. ಆದರೂ ಕಣ್ಣೆದುರಿಗಿದ್ದ ಶ್ರೀರಂಗಪಟ್ಟಣವನ್ನು ಮುತ್ತಲಾರದೆ ಹಿಂದಿರುಗಿತು. ದವಸವಿರಲಿಲ್ಲ, ಎಳೆಯುವ ಎತ್ತುಗಳು ಸತ್ತುಬಿದ್ದಿದ್ದವು. ಭಾರಿ ಫಿರಂಗಿಗಳನ್ನು ತಾನೇ ನಾಶಪಡಿಸಿ ಹೋಗಬೇಕಾಯಿತು. 1792ರ ಫೆಬ್ರುವರಿಯಲ್ಲಿ ಅದೇ ಸೇನಾನಿ ಮರಳಿ ಬಂದಾಗ ಅವನ ಹಿಂದೆ ಲಂಬಾಣಿಗಳ ದವಸದ ಹೇರು ಹೊತ್ತ ಎತ್ತುಗಳ ಸಾಲುಗಳಿದ್ದವು. ಫಿರಂಗಿಯನ್ನು ಎರಕಹೊಯ್ದವನ ಹೆಸರನ್ನು ಹುಡುಕುವವರುಂಟು. ಆ ಹೇರಿನ ನಾಯಕರನ್ನು ಕೇಳುವವರಿಲ್ಲ.

ಹಾಗಾದರೆ ಉತ್ಪಾದನೆಯಲ್ಲಿ ಪಳಗಿದವನು ಈ ಕಡೆಗೆ ಬರುವಾಗ ಏನನ್ನು ತರುತ್ತಾನೆ? ಯಂತ್ರ ನಿಂತರೆ ಆಗುವ ನಷ್ಟವನ್ನು ಅವನು ಮೈಯಲ್ಲಿ ಅನುಭವಿಸಿದ್ದಾನೆ. ಒಂದು ಬೋಲ್ಟು ಬಾರದೆ ಇಡೀ ಪಾಳಿಯ ಕೆಲಸಗಾರರು ಕೈಕಟ್ಟಿ ಕುಳಿತ ರಾತ್ರಿಯನ್ನು ಕಂಡಿದ್ದಾನೆ. ಕಾಗದದ ಮೇಲೆ ಮಾತ್ರ ಸರಬರಾಜನ್ನು ಕಲಿತವನಿಗೆ ಈ ತಿಳಿವಳಿಕೆ ಸುಲಭವಾಗಿ ದಕ್ಕದು.

ಆದರೆ ಮರೆಯಬೇಕಾದುದೂ ಅಷ್ಟೇ ಇದೆ. ಕಾರ್ಖಾನೆಯ ನಾಲ್ಕು ಗೋಡೆಗಳೊಳಗೆ ಅವನ ಮಾತೇ ಆಜ್ಞೆ. ಹೊರಗಿನ ಹಾದಿಯಲ್ಲಿ ಲಾರಿಯ ಮಾಲೀಕ, ರೈಲ್ವೆ ಗುಮಾಸ್ತ, ಬಂದರಿನ ಅಧಿಕಾರಿ, ಮಳೆ, ಕುಸಿದ ಘಾಟಿ ಯಾರೂ ಅವನ ಅಧೀನರಲ್ಲ. ಅಲ್ಲಿ ಆಜ್ಞೆಗಿಂತ ಒಡಂಬಡಿಕೆ ದೊಡ್ಡದು. ಎರಡನೆಯದಾಗಿ, ಯಂತ್ರ ಎಂದೂ ಸುಮ್ಮನಿರಬಾರದೆಂಬ ಹಟ. ಬೇಡಿಕೆಯಿಲ್ಲದಿದ್ದರೂ ಯಂತ್ರವನ್ನು ಓಡಿಸಿ ಮಾಲನ್ನು ರಾಶಿಹಾಕಿದರೆ ಉತ್ಪಾದನೆಯ ಲೆಕ್ಕ ಚೆನ್ನಾಗಿ ಕಾಣುತ್ತದೆ, ಗೋದಾಮಿನ ಲೆಕ್ಕ ಕೆಡುತ್ತದೆ. ಟೊಯೊಟಾ ಸಂಸ್ಥೆಯ ಯಂತ್ರಶಾಲೆಯ ಆಡಳಿತ ನೋಡುತ್ತಿದ್ದ ತಾಯಿಚಿ ಓನೊ ಅವರ ಕೀರ್ತಿ ನಿಂತಿರುವುದು ಈ ಹಟವನ್ನು ಮುರಿದುದರ ಮೇಲೆ. ಅಮೆರಿಕದ ಸೂಪರ್‌ಮಾರ್ಕೆಟ್ಟಿನಲ್ಲಿ ಗಿರಾಕಿ ತೆಗೆದುಕೊಂಡಷ್ಟನ್ನೇ ಮತ್ತೆ ತುಂಬುವ ಪದ್ಧತಿಯಿಂದ ಪ್ರೇರಣೆ ಪಡೆದು, ಮುಂದಿನವನು ಕೇಳಿದಷ್ಟನ್ನೇ ಹಿಂದಿನವನು ತಯಾರಿಸಬೇಕೆಂಬ ಕಾನ್‌ಬಾನ್ ಚೀಟಿಯ ಕ್ರಮವನ್ನು ಅವರು ರೂಢಿಗೆ ತಂದರು.

ಗಣಿತದ ವಿಷಯದಲ್ಲಿ ಹೆದರುವವರಿಗೆ ಒಂದು ಉದಾಹರಣೆ ಸಾಕು. ಅಮೆರಿಕದ ಜಾನ್ ಲಿಟ್ಲ್ ಅವರು 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರವೊಂದುಂಟು: ಒಳಗೆ ಇರುವವುಗಳ ಸರಾಸರಿ ಸಂಖ್ಯೆಯು, ಬರುವ ವೇಗವನ್ನು ಇರುವ ಕಾಲದಿಂದ ಗುಣಿಸಿದಷ್ಟು. ದಿನದ 24 ಗಂಟೆಯೂ ತೆರೆದಿರುವ ಗೋದಾಮಿಗೆ ದಿನಕ್ಕೆ 40 ಲಾರಿಗಳು ಬಂದು ಒಂದೊಂದೂ ಸರಾಸರಿ 6 ಗಂಟೆ ನಿಂತರೆ, ಅಂಗಳದಲ್ಲಿ ಸರಾಸರಿ 10 ಲಾರಿಗಳಿರುತ್ತವೆ. ನಿಲ್ಲುವ ಕಾಲವನ್ನು 3 ಗಂಟೆಗೆ ಇಳಿಸಿದರೆ 5 ಮಾತ್ರ. ಒಂದು ಇಟ್ಟಿಗೆಯನ್ನೂ ಇಡದೆ ಅಂಗಳ ಇಮ್ಮಡಿಯಾಯಿತು. ಹತ್ತನೆಯ ತರಗತಿಯ ವಿದ್ಯಾರ್ಥಿಗೂ ನಿಲುಕುವ ಲೆಕ್ಕವಿದು. ಆದರೆ ಆ 3 ಗಂಟೆಯನ್ನು ಇಳಿಸುವುದು ಲೆಕ್ಕವಲ್ಲ, ಇಂಜಿನಿಯರಿಂಗ್. ತೂಕದ ಕಟ್ಟೆ ಎಲ್ಲಿರಬೇಕು, ರಸೀದಿ ಯಾವಾಗ ಸಿದ್ಧವಾಗಬೇಕು, ಮಾಲು ಬಾಗಿಲಿನಿಂದ ಎಷ್ಟು ದೂರದಲ್ಲಿರಬೇಕು ಎಂಬುದನ್ನು ಯಂತ್ರಗಳ ಸಾಲನ್ನು ಜೋಡಿಸಿ ಬಲ್ಲವನೇ ಚೆನ್ನಾಗಿ ಗುರುತಿಸಬಲ್ಲ.

ಈ ಹಾದಿಯಲ್ಲಿ ನಡೆದವರು ದೊಡ್ಡ ಸ್ಥಾನಗಳನ್ನೂ ತಲುಪಿದ್ದಾರೆ. ಟಿಮ್ ಕುಕ್ ಅವರು 1982ರಲ್ಲಿ ಆಬರ್ನ್ ವಿಶ್ವವಿದ್ಯಾನಿಲಯದಿಂದ ಇಂಡಸ್ಟ್ರಿಯಲ್ ಇಂಜಿನಿಯರಿಂಗ್ ಪದವಿ ಪಡೆದು, ಐಬಿಎಂ ಸಂಸ್ಥೆಯಲ್ಲಿ ಉತ್ಪಾದನೆ ಮತ್ತು ವಿತರಣೆಯ ಕಾರ್ಯದಲ್ಲಿ ನುರಿತು, 1998ರಲ್ಲಿ ಆಪಲ್ ಸೇರಿ, ತಿಂಗಳುಗಟ್ಟಲೆ ಬಿದ್ದಿರುತ್ತಿದ್ದ ದಾಸ್ತಾನನ್ನು ದಿನಗಳ ಲೆಕ್ಕಕ್ಕೆ ಇಳಿಸಿದರು. 2011ರಲ್ಲಿ ಆ ಸಂಸ್ಥೆಯ ಮುಖ್ಯಸ್ಥರಾದರು. ಆದರೆ ಇಂಥ ಉದಾಹರಣೆಗಳನ್ನು ಮಾತ್ರ ನೋಡಿ ದಾಸ್ತಾನೆಂದರೆ ಪಾಪವೆಂದು ಭಾವಿಸುವುದು ಇನ್ನೊಂದು ಬಗೆಯ ಅವಿವೇಕ. 2011ರ ಮಾರ್ಚಿನ ಭೂಕಂಪದಲ್ಲಿ ಬಿಡಿಭಾಗಗಳು ಬಾರದೆ ಜಪಾನಿನ ವಾಹನ ಕಾರ್ಖಾನೆಗಳೇ ನಿಂತವು. 2021ರ ಮಾರ್ಚಿನಲ್ಲಿ ಎವರ್ ಗಿವನ್ ಎಂಬ ಒಂದೇ ಹಡಗು ಅಡ್ಡ ಸಿಲುಕಿ ಸೂಯೆಜ್ ಕಾಲುವೆಯನ್ನು ಆರು ದಿನ ಮುಚ್ಚಿತು. ಕೌಟಿಲ್ಯನು ತೆಗೆದಿರಿಸೆಂದ ಅರ್ಧವು ಜಿಪುಣನ ಕೂಡಿಕೆಯಾಗಿರಲಿಲ್ಲವೆಂದು ಆಗ ಹಲವರಿಗೆ ಹೊಳೆದಿರಬೇಕು. ಎಷ್ಟು ಇಡಬೇಕು, ಎಷ್ಟು ಬಿಡಬೇಕು ಎಂಬ ವಿವೇಚನೆಯೇ ಈ ವೃತ್ತಿಯ ತಿರುಳು.

ಭಾರತದಲ್ಲಿ ಕಾಲವೂ ಅನುಕೂಲವಾಗಿದೆ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ತೆರಿಗೆಯ ದೆಸೆಯಿಂದ ರಾಜ್ಯಕ್ಕೊಂದು ಗೋದಾಮು ಇಡಬೇಕಾದ ಅಗತ್ಯ ಕುಗ್ಗಿತು. ಎಲ್ಲಿ ಗೋದಾಮು ಬೇಕೆಂಬುದನ್ನು ವಕೀಲನ ಬದಲು ಇಂಜಿನಿಯರನು ನಿರ್ಧರಿಸುವಂತಾಯಿತು. ಕೊಂಕಣ ರೈಲ್ವೆಯು 1999ರಿಂದ ತುಂಬಿದ ಲಾರಿಗಳನ್ನೇ ರೈಲಿನ ಮೇಲೆ ಏರಿಸಿ ಸಾಗಿಸುತ್ತಿದೆ. 2022ರಲ್ಲಿ ರಾಷ್ಟ್ರೀಯ ಲಾಜಿಸ್ಟಿಕ್ಸ್ ನೀತಿ ಪ್ರಕಟವಾಯಿತು.

ರಾತ್ರಿಪಾಳಿಯ ಬೇಸರದಿಂದ ಓಡಿಬರುವವನಿಗೆ ಮಾತ್ರ ಇಲ್ಲಿ ನೆಮ್ಮದಿಯಿಲ್ಲ. ಲಾರಿಗೆ ರಾತ್ರಿ ಹಗಲೆಂಬುದಿಲ್ಲ. ಮೊದಲ ಒಂದೆರಡು ವರ್ಷ ಸಂಬಳವೂ ಹುದ್ದೆಯೂ ಒಂದು ಮೆಟ್ಟಿಲು ಇಳಿದರೆ ಆಶ್ಚರ್ಯವಿಲ್ಲ, ಅದನ್ನು ಮನೆಯವರಿಗೆ ಮುಂಚಿತವಾಗಿ ತಿಳಿಸುವುದು ಲೇಸು. ಇನ್ನೊಂದು ಮಾತು. ಅಂಗಳದಲ್ಲಿ ನಿಂತ ಆ 10 ಲಾರಿಗಳು ಸೂತ್ರದ ಅಂಕಿಗಳಷ್ಟೇ ಅಲ್ಲ. ಒಂದೊಂದರ ಕೆಳಗೂ ನೆರಳಿಗೆ ಟವಲು ಹಾಸಿ ಮಲಗಿರುವ ಚಾಲಕನೊಬ್ಬನಿದ್ದಾನೆ. ಅವನ ಊಟ, ನೀರು, ಶೌಚದ ವ್ಯವಸ್ಥೆಯನ್ನು ಎಷ್ಟೋ ನಕಾಶೆಗಳು ತೋರಿಸುವುದೇ ಇಲ್ಲ. ಕಾರ್ಖಾನೆಯಲ್ಲಿ ಕೆಲಸಗಾರರ ಕ್ಯಾಂಟೀನನ್ನು ನೋಡಿಕೊಂಡು ಬಂದ ಆಡಳಿತಗಾರನು ಹೊಸ ಹುದ್ದೆಯ ಮೊದಲ ತಿಂಗಳನ್ನು ಮೇಜಿನ ಮುಂದೆ ಕಳೆಯದೆ, ಅಂಥ ಒಬ್ಬ ಚಾಲಕನ ಪಕ್ಕದಲ್ಲಿ ಕುಳಿತು, ಹೇರು ತುಂಬುವಲ್ಲಿಂದ ಇಳಿಸುವವರೆಗೆ ಒಮ್ಮೆ ಪ್ರಯಾಣ ಮಾಡಿ ಬರುವುದು ಒಳ್ಳೆಯದು.