ನೀಲಿ ತೂತು ಎಲ್ಲಿ ಹೋಯ್ತು ಸ್ವಾಮಿ?

ಲ್ಯಾಪ್‌ಟಾಪ್ ತೆಳ್ಳಗಾಯ್ತು ಅಂತ ಸಂಭ್ರಮಿಸುವವರ ಮೇಲೆ ನನ್ನದೊಂದು ತಕರಾರು. ಡೆಸ್ಕ್‌ಟಾಪಿನ ಬೆನ್ನಲ್ಲಿ ಮೂರು ತೂತುಗಳು: ಹಸಿರು ಸ್ಪೀಕರಿಗೆ, ಗುಲಾಬಿ ಮೈಕಿಗೆ, ನೀಲಿ ಲೈನ್-ಇನ್. ಬಣ್ಣ ನೋಡಿ ಚುಚ್ಚಿದರೆ ಮುಗೀತು. ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಈಗಿರುವುದು ಒಂದೇ ತೂತು. ಹೆಡ್‌ಫೋನು, ಮೈಕು ಎರಡೂ ಅದಕ್ಕೇ. ನೀಲಿ ಮಾಯ!

ಹೋದರೆ ಹೋಗಲಿ ಅಂತೀರಾ? ಅಟ್ಟದ ಮೇಲಿನ ತಾಳಮದ್ದಳೆ ಕ್ಯಾಸೆಟ್ಟು, ತೀರಿಹೋದ ಅಜ್ಜಿ ಹೇಳಿದ ಸೋಬಾನೆ ಪದ ಕಂಪ್ಯೂಟರಿಗೆ ಬರುವ ದಾರಿಯೇ ಅದು. ಟೇಪ್‌ರೆಕಾರ್ಡರಿನ ವೈರನ್ನು ಆ ಒಂದೇ ತೂತಿಗೆ ಚುಚ್ಚಿದರೆ ಲ್ಯಾಪ್‌ಟಾಪು ಅದನ್ನು ಹೆಡ್‌ಫೋನ್ ಅಂದುಕೊಂಡು ಸುಮ್ಮನಿರುತ್ತೆ. ಸ್ಪ್ಲಿಟರ್ ಹಾಕಿ ಮೈಕಿನ ಕಡೆ ಕೊಟ್ಟರೆ ದನಿ ಒಡೆದು ಗೊರಗೊರ. ಮೈಕಿನ ಸಿಗ್ನಲ್ ಕೆಲವೇ ಮಿಲಿವೋಲ್ಟು, ಟೇಪಿನದು ಅದರ ಎಷ್ಟೋ ಪಟ್ಟು. ಜೊತೆಗೆ ಎಡ-ಬಲ ಎರಡೂ ಸೇರಿ ಮೋನೋ. ಆಗ ಅಂಗಡಿಯವನ ತೀರ್ಪು: “ಕ್ಯಾಸೆಟ್ಟೇ ಹಾಳಾಗಿದೆ, ಎಸೀರಿ.” ಎಸೆಯಬೇಡಿ! ತಪ್ಪು ಅಜ್ಜಿಯ ದನಿಯದ್ದಲ್ಲ, ತೂತಿನದ್ದು.

ಲೈನ್-ಇನ್ ಅಂತ ಬರೆದಿರುವ ಯುಎಸ್‌ಬಿ ಸೌಂಡ್ ಕಾರ್ಡ್ ಕೇಳಿ ತನ್ನಿ. ಅಗ್ಗದವುಗಳಲ್ಲಿ ಬರೀ ಮೈಕಿರುತ್ತೆ. ಸೆಟ್ಟಿಂಗ್ಸಿನಲ್ಲಿ ಇನ್‌ಪುಟ್ ಅಂತ ಅದನ್ನೇ ಆರಿಸಿ. ಪುಕ್ಕಟೆ ಸಿಗುವ ಆಡಾಸಿಟಿಯಲ್ಲಿ, ಮೀಟರು ಕೆಂಪು ಮುಟ್ಟದಂತೆ ರೆಕಾರ್ಡ್ ಮಾಡಿ.

ತೆಳ್ಳಗಿನ ಲ್ಯಾಪ್‌ಟಾಪು ವರ್ಷಕ್ಕೊಂದು ಬರುತ್ತೆ. ಅಜ್ಜಿಯ ಪದ ಇರುವುದು ಒಂದೇ ಟೇಪಿನಲ್ಲಿ, ಅದೂ ಸವೆಯುತ್ತಿದೆ. ಏನಂತೀರಿ?