ಬೇಸಿಗೆಯ ಸಲಹೆ ನಮ್ಮ ಅಂಗಳಕ್ಕೆ ಯಾವ ಭಾಷೆಯಲ್ಲಿ ಬರಬೇಕು?

ಮಾರ್ಚ್ ತಿಂಗಳ ಪರೀಕ್ಷೆ ಮುಗಿಸಿ ಮಕ್ಕಳು ಎರಡು ತಿಂಗಳ ರಜೆಗೆ ಮನೆ ಸೇರುವ ಹೊತ್ತಿಗೆ ಕಾಸರಗೋಡಿನ ತೋಡುಗಳಲ್ಲಿ ನೀರಿನ ಸದ್ದು ಅಡಗಿರುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುವ ಜಿಲ್ಲೆಯಿದು. ಆದರೆ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು, ಗಿಡ್ಡ ನದಿಗಳಲ್ಲಿ ಹರಿದು ಬೇಗನೆ ಕಡಲು ಸೇರುತ್ತದೆ. ಆದುದರಿಂದ ಏಪ್ರಿಲ್, ಮೇ ತಿಂಗಳುಗಳಲ್ಲಿ ತೋಟಕ್ಕೆ ಎಷ್ಟು ನೀರು, ಕೆಲಸಕ್ಕೆ ಯಾವ ಹೊತ್ತು ಎಂಬ ತಿಳಿವಳಿಕೆ ನಮ್ಮ ಕೃಷಿಕ ಕುಟುಂಬಗಳಿಗೆ ಅನ್ನದಷ್ಟೇ ಅಗತ್ಯವಾದುದು.

ಆ ತಿಳಿವಳಿಕೆ ಇಲ್ಲವೆಂದಲ್ಲ. ಹವಾಮಾನ ಇಲಾಖೆಯ ಕೃಷಿ ಹವಾಮಾನ ಸೇವೆಯು ವಾರಕ್ಕೆರಡು ಬಾರಿ, ಮಂಗಳವಾರ ಮತ್ತು ಶುಕ್ರವಾರ, ಜಿಲ್ಲಾವಾರು ಸಲಹೆಗಳನ್ನು ಹೊರಡಿಸುತ್ತದೆ. ಕರ್ನಾಟಕದ ಜಿಲ್ಲೆಗಳಿಗೆ ಅದು ಕನ್ನಡದಲ್ಲಿ, ಕೇರಳದ ಜಿಲ್ಲೆಗಳಿಗೆ ಮಲಯಾಳದಲ್ಲಿ ಸಿದ್ಧವಾಗುತ್ತದೆ. ತಲಪಾಡಿಯ ಗಡಿಯ ಆಚೆಗೂ ಈಚೆಗೂ ಬಿಸಿಲು ಒಂದೇ, ಅಡಿಕೆ ಮರವೂ ಒಂದೇ, ಆದರೆ ಸಲಹೆಯ ಲಿಪಿ ಬೇರೆ. ನಮ್ಮಲ್ಲಿ ಮನೆಮಾತು ತುಳುವಿರಬಹುದು, ಹವ್ಯಕವಿರಬಹುದು, ಕೊಂಕಣಿ ಅಥವಾ ಮರಾಟಿಯಿರಬಹುದು. ಓದು ಬರಹ ಮಾತ್ರ ಕನ್ನಡದ್ದು. ಮಲಯಾಳವನ್ನು ಆಡಿ ತಿಳಿಯುವ ಹಿರಿಯರಲ್ಲಿ ಅನೇಕರು ಅದನ್ನು ಓದಲಾರರು. ಓದಲಾಗದ ಎಚ್ಚರಿಕೆ, ಕೊಡದ ಎಚ್ಚರಿಕೆಗೆ ಸಮಾನ.

ಇದು ಬರಿಯ ಅಭಿಮಾನದ ಪ್ರಶ್ನೆಯಲ್ಲ ಎಂಬುದನ್ನು ಒಂದು ಲೆಕ್ಕದಿಂದ ಕಾಣಬಹುದು. ಅಡಿಕೆಗೆ ಮಾರ್ಚ್‌ನಿಂದ ಮೇವರೆಗೆ ಮೂರರಿಂದ ಐದು ದಿನಗಳಿಗೊಮ್ಮೆ ಮರಕ್ಕೆ ಸುಮಾರು 175 ಲೀಟರ್ ನೀರು ಕೊಡಬೇಕೆಂಬುದು ಕೃಷಿ ತಜ್ಞರ ಶಿಫಾರಸು. ನೂರು ಮರಗಳಿಗೆ ಒಂದು ಸರದಿಗೆ 17,500 ಲೀಟರ್. ಹನಿ ನೀರಾವರಿಯಲ್ಲಾದರೆ ದಿನಕ್ಕೆ ಮರವೊಂದಕ್ಕೆ 16ರಿಂದ 20 ಲೀಟರ್ ಸಾಕು. ನೂರು ಮರಗಳಿಗೆ ನಾಲ್ಕು ದಿನಕ್ಕೆ ಹೆಚ್ಚೆಂದರೆ 8,000 ಲೀಟರ್. ನೀರಿನ ಅರ್ಧಕ್ಕಿಂತಲೂ ಹೆಚ್ಚು ಪಾಲು ಬಾವಿಯಲ್ಲೇ ಉಳಿಯುತ್ತದೆ. ಐದನೆಯ ತರಗತಿಯ ಮಗು ಮಾಡಬಲ್ಲ ಈ ಲೆಕ್ಕ ಗೊತ್ತಿಲ್ಲದ ಮನೆಯು ಮೇ ತಿಂಗಳಿನಲ್ಲಿ ಕುಡಿಯುವ ನೀರಿಗೂ ಪರದಾಡಬೇಕಾದೀತು.

ಇನ್ನುಳಿದ ಸಲಹೆಗಳೂ ಹೀಗೆಯೇ ಸರಳ. ಅಡಿಕೆ ಮತ್ತು ತೆಂಗಿನ ಬುಡಕ್ಕೆ ಸೋಗೆ, ತರಗೆಲೆ, ತೆಂಗಿನ ಸಿಪ್ಪೆ ಹರಡಿದರೆ ಮಣ್ಣಿನ ತೇವ ಆರದು. ನೈಋತ್ಯದ ಇಳಿಬಿಸಿಲು ನೇರವಾಗಿ ತಾಗುವ ಅಡಿಕೆ ಮರದ ಕಾಂಡ ಸುಟ್ಟು, ಮುಂದೆ ಸೀಳುವುದುಂಟು. ಅಲ್ಲಿ ಹಾಳೆ ಅಥವಾ ಸೋಗೆ ಕಟ್ಟಬೇಕು, ಇಲ್ಲವೇ ಸುಣ್ಣ ಬಳಿಯಬೇಕು. ಹಟ್ಟಿಯ ದನಗಳಿಗೆ ನಡುಹಗಲು ನೆರಳೂ ನೀರೂ ಬೇಕು. ಮೇವನ್ನು ಬೆಳಿಗ್ಗೆ ಮತ್ತು ಸಂಜೆಯ ತಂಪಿನಲ್ಲಿ ಹಾಕುವುದು ಲೇಸು.

ಮನುಷ್ಯರ ವಿಷಯದಲ್ಲಿ ಇನ್ನಷ್ಟು ಜಾಗ್ರತೆ ಬೇಕು. ಬಯಲು ಸೀಮೆಯಲ್ಲಿ ಉಷ್ಣ ಅಲೆಯ ಪರಿಗಣನೆಗೆ ಉಷ್ಣತೆ 40 ಡಿಗ್ರಿ ಮುಟ್ಟಬೇಕು. ಕರಾವಳಿಯಲ್ಲಿ 37 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಏರಿದರೆ ಸಾಕು. ಗಾಳಿಯ ತೇವದಿಂದ ಬೆವರು ಆರದೆ ದೇಹದ ಕಾವು ಒಳಗೇ ಉಳಿಯುವುದರಿಂದ, ಅಂಕಿ ಚಿಕ್ಕದೆಂದು ಕರಾವಳಿಯವರು ಮೈಮರೆಯುವಂತಿಲ್ಲ. ಬೆಳಿಗ್ಗೆ 11ರಿಂದ ಅಪರಾಹ್ನ 3ರವರೆಗೆ ತೋಟದ ಕೆಲಸ, ಮಕ್ಕಳ ಆಟ ಎರಡೂ ಬಿಸಿಲಿನಲ್ಲಿ ಬೇಡ. ಬೆವರಿ ಬಳಲಿದವರಿಗೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕದಡಿ ಕೊಡಬಹುದು. ಮೈ ಕಾದು ಮಾತು ತಡವರಿಸಿದರೆ, ಪ್ರಜ್ಞೆ ಮಂಕಾದರೆ ಅದು ಸೂರ್ಯಾಘಾತ. ಆಗ ಕುಡಿಸಲು ಯತ್ನಿಸದೆ ನೆರಳಿಗೆ ಒಯ್ದು, ಮೈಗೆ ನೀರು ಹಾಕುತ್ತ, 108ಕ್ಕೆ ಕರೆ ಮಾಡಬೇಕು.

ಈ ನೆಲದ ಹಿರಿಯರಿಗೆ ಬೇಸಿಗೆ ಹೊಸತಲ್ಲ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು ನೀರು ತಂದವರು, ಮಳೆ ನಿಂತ ಮೇಲೆ ತೋಡಿಗೆ ಕಟ್ಟ ಹಾಕಿದವರು, ಮದಕಗಳಲ್ಲಿ ನೀರು ಹಿಡಿದಿಟ್ಟವರು ಅವರು. ಆ ಅರಿವು ನಮ್ಮ ಮಾತಿನಲ್ಲಿದ್ದುದರಿಂದಲೇ ತಲೆಮಾರಿನಿಂದ ತಲೆಮಾರಿಗೆ ದಾಟಿತು. ಇಂದಿನ ವಿಜ್ಞಾನದ ಸಲಹೆಯೂ ಅದೇ ಹಾದಿಯಲ್ಲಿ ಬರಬೇಕು. ಹೆಸರಿಗೆ ಮಾತ್ರ ಕನ್ನಡವಾದ ಅನುವಾದ ಸಾಲದು. ಬುಡಕ್ಕೆ ಎಷ್ಟು ಕೊಡ ನೀರು ಎಂದು ಅಡಿಕೆಯ ತೋಟದವನಿಗೆ ಅರ್ಥವಾಗುವ ಮಾತು ಬೇಕು.

ಕೇಳುವ ಹಕ್ಕು ನಮಗಿದೆ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯು ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ನಡೆಸುವ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕನ್ನು ಕೊಟ್ಟಿದೆ. ಬಳಸದ ಹಕ್ಕು ಮಾತ್ರ ಕಡತದಲ್ಲೇ ಉಳಿಯುತ್ತದೆ. ಆದುದರಿಂದ ಪ್ರತಿ ಕನ್ನಡ ಶಾಲೆಯ ರಕ್ಷಕ ಶಿಕ್ಷಕ ಸಂಘವೂ ತನ್ನ ಪಂಚಾಯತಿನ ಕೃಷಿ ಭವನಕ್ಕೆ ಕನ್ನಡದಲ್ಲೇ ಮನವಿ ಬರೆಯಲಿ, ಗ್ರಾಮಸಭೆಯಲ್ಲಿ ಅದನ್ನು ದಾಖಲಿಸಲಿ. ಬೇಡಿಕೆ ಒಂದೇ ಸಾಲಿನದು: ವಾರದ ಸಲಹೆ ಮತ್ತು ಬಿಸಿಲಿನ ಎಚ್ಚರಿಕೆ, ಹೊರಟ ದಿನವೇ ಕನ್ನಡದಲ್ಲಿ ದೊರೆಯಬೇಕು.

ಅದು ಕೈಗೂಡುವವರೆಗೆ ಎರಡೂ ಲಿಪಿ ಬಲ್ಲ ಮಕ್ಕಳಿಂದ ಸಲಹೆಯನ್ನು ಕನ್ನಡಕ್ಕೆ ಬರೆಸಿ, ಶಿಕ್ಷಕರು ತಿದ್ದಿ, ಶಾಲೆಯ ಫಲಕದಲ್ಲೂ ಊರಿನ ಅಂಗಡಿಯಲ್ಲೂ ಅಂಟಿಸಬಹುದು. ಹಾಗೆಂದು ಸರಕಾರದ ಹೊಣೆಯನ್ನು ಮಕ್ಕಳ ಹೆಗಲಿಗೆ ಶಾಶ್ವತವಾಗಿ ಹೊರಿಸುವುದು ಸಲ್ಲದು. ಮನವಿ ಈ ರಜೆಯಲ್ಲೇ ಹೋಗಲಿ. ಮುಂದಿನ ಬೇಸಿಗೆಗೆ ಉತ್ತರ ಕೈಯಲ್ಲಿರಲಿ.